ದೇವರ ಅರಿಶಿನದ ಬೋಣಿ

ಮದುವೆಯಾದಂದಿನಿಂದ ಎಲ್ಲದರಲ್ಲೂ ಗಂಡನ ಹಿಂದೆಯೇ ನಿಂತು ಬಂದವಳು ನಾನು. ಮೊದಲ ನಂಬರು ಸಿಕ್ಕಿದ್ದು ಕಲ್ಯಾಣದ ಕೋರ್ಟಿನಲ್ಲಿ. ಅಲ್ಲಿ ನಾನು ಆರೋಪಿ ನಂಬರ್ ಒಂದು, ಇವರು ಆರೋಪಿ ನಂಬರ್ ಎರಡು. ಹೋಟೆಲಿನ ಲೈಸೆನ್ಸು ನನ್ನ ಹೆಸರಿನಲ್ಲಿದೆ, ಅದಕ್ಕೆ. ಹೆಂಡತಿಯ ಹೆಸರಿನಲ್ಲಿ ಮಾಡಿದರೆ ಲಕ್ಷ್ಮಿ ನಿಲ್ಲುತ್ತಾಳೆ ಎಂದು ಯಾರೋ ಹೇಳಿದ್ದರಂತೆ. ಲಕ್ಷ್ಮಿ ನಿಂತಳೋ ಇಲ್ಲವೋ, ಕಟಕಟೆಯಲ್ಲಿ ನಾನಂತೂ ನಿಂತೆ.

ನಮ್ಮದು ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದಲ್ಲೊಂದು ಸಣ್ಣ ಶಾಕಾಹಾರಿ ಹೋಟೆಲು. ಮನೆ ಠಾಕುರ್ಲಿಯಲ್ಲಿ. ಇಬ್ಬರದೂ ಊರು ಉಡುಪಿಯ ಕಡೆ. ಹೋಟೆಲಿನ ಅಡಿಗೆಮನೆ ಇವರದು, ಬೆಳಗಿನ ಹೊತ್ತು ಗಲ್ಲಾದಲ್ಲಿ ಕೂರುವುದು ನಾನು. ಇವರಿಗೆ ಮಾತು ಕಡಿಮೆ, ಹಠ ಜಾಸ್ತಿ. "ನಾವು ತಿನ್ನದ್ದನ್ನು ಗಿರಾಕಿಗೆ ಕೊಡ್ಲಿಕ್ಕಿಲ್ಲ" ಎನ್ನುವುದು ಇವರ ಜೀವಮಾನದ ಒಂದೇ ಭಾಷಣ. ಎಣ್ಣೆ ಮಾರಲು ಬಂದವನಿಗೂ ಅದನ್ನೇ ಹೇಳಿದ್ದಾರೆ, ಹೊಸದಾಗಿ ಕೆಲಸಕ್ಕೆ ಸೇರಿದವನಿಗೂ ಅದನ್ನೇ ಹೇಳಿದ್ದಾರೆ. ಹೇಳಿದ ಹಾಗೆ ನಡೆದುಕೊಂಡವರೂ ಹೌದು. ಬೆಳಗಿನ ಮೊದಲ ಹಂಡೆಯ ಸಾಂಬಾರಿನಿಂದ ಒಂದು ಬಟ್ಟಲು ಇವರು ಕುಡಿದು ನೋಡದೆ ಒಂದು ಇಡ್ಲಿಯೂ ಹೊರಗೆ ಹೋಗುತ್ತಿರಲಿಲ್ಲ.

ಆ ಮೊದಲ ಹಂಡೆಗೆ ಒಂದು ಶಾಸ್ತ್ರವಿತ್ತು. ನನ್ನ ಅತ್ತೆ ಹಾಕಿಕೊಟ್ಟದ್ದು. ಒಲೆ ಹೊತ್ತಿಸುವ ಮುಂಚೆ ಒಲೆಗೆ ಅರಿಶಿನ ಕುಂಕುಮ, ಒಂದು ಹೂ. ಬೇಳೆ ಕುದಿ ಬಂದ ಮೇಲೆ ದೇವರ ಮುಂದಿನ ಹಿತ್ತಾಳೆ ಕರಡಿಗೆಯಿಂದ ಒಂದು ಚಿಟಿಕೆ ಅರಿಶಿನ ತೆಗೆದು ಹಂಡೆಗೆ ಬಿಡುವುದು. ದೇವರದ್ದು ಬಿದ್ದ ಅಡಿಗೆ ಯಾರ ಹೊಟ್ಟೆಯನ್ನೂ ಕೆಡಿಸುವುದಿಲ್ಲ ಎಂದು ಅತ್ತೆಯ ನಂಬಿಕೆ. ಆಗ ಅದು ಸುಳ್ಳೂ ಆಗಿರಲಿಲ್ಲ. ಊರಿನ ಹಿತ್ತಲಿನ ಅರಿಶಿನದ ಕೊಂಬನ್ನು ಅವರೇ ಬೇಯಿಸಿ, ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಿದ್ದರು. ಅದರ ಬಣ್ಣ ಮಂಕು, ಘಮ ಮಾತ್ರ ಇಡೀ ಕೋಣೆಗೆ.

ಮಗಳು ಇನ್ನೂ ಸಣ್ಣ ಕ್ಲಾಸಿನಲ್ಲಿದ್ದಾಗ ಅತ್ತೆ ತೀರಿಕೊಂಡರು. ಆಮೇಲೆ ಇವರು ಸ್ಟೇಷನ್ ಹತ್ತಿರದ ಪೂಜೆ ಸಾಮಾನಿನ ಅಂಗಡಿಯಿಂದ ಪಾಕೀಟು ತರತೊಡಗಿದರು. ಎಂಥ ಹಳದಿ ಅದು! ಬೆರಳಿಗೆ ಹತ್ತಿದರೆ ಸಾಬೂನು ಹಾಕಿದರೂ ಹೋಗದು. "ನೋಡು ಮಾರಾಯ್ತಿ, ದೇವರಿಗೆ ಕೊಡುದಾದ್ರೆ ಹೀಗಿರ್ಬೇಕು" ಎಂದು ಖುಷಿಪಟ್ಟರು. ಪಾಕೀಟು ಕತ್ತರಿಸಿ ಕರಡಿಗೆಗೆ ಸುರಿಯುವುದು, ಪಾಕೀಟನ್ನು ಕಸದ ಬುಟ್ಟಿಗೆ ಎಸೆಯುವುದು. ಅದರ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಪೂಜೆಗೆ ಮಾತ್ರ, ತಿನ್ನಲು ಅಲ್ಲ' ಎಂದು ಬರೆದಿತ್ತೆಂಬುದು ನಮಗೆ ತಿಳಿದದ್ದು ಕೇಸು ಮೈಮೇಲೆ ಬಿದ್ದ ಮೇಲೆ. ಓದಿದ್ದರೂ ನಂಬುತ್ತಿದ್ದೆವೋ ಇಲ್ಲವೋ. ದೇವರಿಗೆ ಕೊಡುವುದನ್ನು ಮನುಷ್ಯರು ತಿನ್ನಬಾರದು ಎಂದು ಯಾವ ತಾಯಿ ಮಕ್ಕಳಿಗೆ ಹೇಳಿಕೊಟ್ಟಿದ್ದಾಳೆ? ನಮಗೆ ಅರಿಶಿನವೆಂದರೆ ಅರಿಶಿನ. ಎರಡು ಜಾತಿಯ ಅರಿಶಿನ ಇದೆಯೆಂದು ನಮಗೆ ಮೊದಲು ಹೇಳಿದ್ದು ಸರಕಾರ.

ಗಣೇಶ ಚತುರ್ಥಿಯ ಮುಂಚಿನ ದಿನಗಳು. ಹಬ್ಬ ಬಂತೆಂದರೆ ಆಹಾರ ಇಲಾಖೆಯವರು ಹಾಲು, ಎಣ್ಣೆ, ಕಡಲೆಹಿಟ್ಟು ಎಂದು ತಪಾಸಣೆ ಮಾಡುವುದು ಹೊಸದೇನಲ್ಲ. ಅಂದು ಹಾಲಿನ ಗಾಡಿಯ ಬೆನ್ನಿಗೇ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಕೂಗಾಟವಿಲ್ಲ. ಹೋಟೆಲಿನಲ್ಲಿ ಆಗ ಇದ್ದದ್ದು ನಾವು, ಕೆಲಸದವರು, ಮತ್ತು ನಮ್ಮ ಖಾಯಂ ಮೊದಲ ಗಿರಾಕಿ. ಅವರೊಬ್ಬ ನಿವೃತ್ತ ಮೋಟರ್‌ಮನ್. ಜೀವನವಿಡೀ ಬೆಳಗಿನ ಮೊದಲ ಲೋಕಲ್ ರೈಲು ಓಡಿಸಿದ ಅಭ್ಯಾಸಕ್ಕೆ, ನಿವೃತ್ತಿಯಾದರೂ ನಾವು ಬಾಗಿಲು ತೆರೆಯುವ ಮೊದಲೇ ಬಂದು ನಿಂತಿರುತ್ತಿದ್ದರು. ಮೊದಲ ಹಂಡೆಯ ಮೊದಲ ಸಾಂಬಾರು ಅವರ ಇಡ್ಲಿಗೆ. ನಮ್ಮ ಬೋಣಿಯೂ ದಿನಾ ಅವರ ಕೈಯಿಂದಲೇ.

ಅಧಿಕಾರಿ ಹಾಲು ತೆಗೆದುಕೊಂಡರು, ಎಣ್ಣೆ ತೆಗೆದುಕೊಂಡರು, ಬೇಳೆ ತೆಗೆದುಕೊಂಡರು. ಮೋಟರ್‌ಮನ್ ಕಾಕಾರನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡರು. ಹೊರಡುವಾಗ ಒಲೆಯ ಮೇಲಿನ ದೇವರ ಹಲಗೆಯತ್ತ ಕಣ್ಣು ಹೋಯಿತು.

"ಹೇ ಕಾಯ್ ಆಹೇ?" ಎಂದರು ಕರಡಿಗೆ ತೋರಿಸಿ.

"ಹಳದ್, ಸಾಹೇಬ್" ಎಂದರು ಇವರು.

"ವಾಪರತಾ?" ಬಳಸುತ್ತೀರಾ ಎಂದು.

ಅಲ್ಲಿ ಸುಮ್ಮನೆ 'ಪೂಜೆಯದ್ದು' ಎಂದಿದ್ದರೆ ಈ ಕಥೆಯೇ ಇಲ್ಲ. ಆದರೆ ದೇವರ ವಿಷಯ ಕೇಳಿದರಲ್ಲ ಎಂದು ಇವರ ಎದೆ ಉಬ್ಬಿತು. "ಹೋ! ರೋಜ್. ಪಹಿಲ್ಯಾ ಭಾಂಡ್ಯಾಲಾ" ಎಂದರು. ಹೌದು, ದಿನಾ, ಮೊದಲ ಪಾತ್ರೆಗೆ. ಅಷ್ಟೆ. ಇವರ ಮರಾಠಿಯಲ್ಲಿ ಕ್ರಿಯಾಪದಕ್ಕೆ ಪ್ರವೇಶವಿಲ್ಲ. ಅದರ ಕೆಲಸವನ್ನು ಕೈ ಮಾಡುತ್ತದೆ. ಹೆಬ್ಬೆರಳು, ನಡುಬೆರಳು ಜೋಡಿಸಿ ಗಾಳಿಯಲ್ಲಿ ಒಂದು ಚಿಟಿಕೆ ಕೆಳಗೆ ಬಿಟ್ಟು ತೋರಿಸಿದರು.

ಅಧಿಕಾರಿ ಕರಡಿಗೆ ಇಳಿಸಿ ಅರಿಶಿನವನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕಿದರು. ಆಮೇಲೆ ನಿಯಮದ ಪ್ರಕಾರ ಮಾದರಿಗೆ ಬೆಲೆ ಕೊಡಬೇಕೆಂದು ಗಲ್ಲಾದ ಮೇಲೆ ದುಡ್ಡಿಟ್ಟರು. ಬೇರೆಯವಕ್ಕೆಲ್ಲ ಸೇರಿಸಿಯೇ. ನಾನು ಕೈ ಹಿಂದೆಗೆದೆ. ದೇವರ ಅರಿಶಿನಕ್ಕೆ ದುಡ್ಡು ತೆಗೆದುಕೊಳ್ಳುವುದೇ? ಇವರೂ "ನಕೋ ಸಾಹೇಬ್, ದೇವಾಚಾ" ಎಂದರು. ಸಾಹೇಬರು ಕೇಳಲಿಲ್ಲ. ಅಷ್ಟರಲ್ಲಿ ಇವರಿಗೆ ಹೊಳೆಯಿತು, ಅಂದು ಇನ್ನೂ ಯಾರದ್ದೂ ದುಡ್ಡು ಬಂದಿಲ್ಲ. ಕಾಕಾರ ಇಡ್ಲಿ ಇನ್ನೂ ಹಬೆಯಲ್ಲಿತ್ತು.

"ಬೋಣಿ ಮಾರಾಯ್ತಿ" ಎಂದರು ನನಗೆ ಮೆಲ್ಲಗೆ. "ಬೋಣಿ ಬೇಡ ಹೇಳ್ಲಿಕ್ಕುಂಟಾ?"

ವ್ಯಾಪಾರಸ್ಥನಾದವನು ದಿನದ ಮೊದಲ ದುಡ್ಡನ್ನು ಹಿಂದೆ ತಳ್ಳುವುದಿಲ್ಲ. ಇವರು ಆ ನೋಟನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲಾಕ್ಕೆ ಹಾಕಿದರು. ಲೈಸೆನ್ಸುದಾರಳೆಂದು ನಾನು ರಶೀದಿಗೆ ಸಹಿ ಮಾಡಿದೆ. ಕಾನೂನಿನಲ್ಲಿ ಹಾಗೆ ತಪಾಸಣೆಗೆಂದು ಕೊಟ್ಟರೂ ಅದು ಮಾರಿದಂತೆಯೇ ಎಂದು ವಕೀಲರು ಆಮೇಲೆ ತಿಳಿಸಿದರು. ದೇವರ ಅರಿಶಿನವನ್ನು ನಾವು ಮಾರಿದ್ದೆವು, ಕಣ್ಣಿಗೆ ಒತ್ತಿಕೊಂಡು ಮಾರಿದ್ದೆವು.

ವರದಿ ಬಂತು. ಹಾಲು ಪಾಸು, ಎಣ್ಣೆ ಪಾಸು, ಬೇಳೆ ಪಾಸು. ಫೇಲಾದದ್ದು ದೇವರೊಬ್ಬರೇ. ಅರಿಶಿನದಲ್ಲಿ ತಿನ್ನಬಾರದ ಬಣ್ಣ, ಬಟ್ಟೆಗೂ ಕಾಗದಕ್ಕೂ ಹಾಕುವ ಹಳದಿ. 'ಅಸುರಕ್ಷಿತ ಆಹಾರ' ಎಂದು ಬರೆದಿತ್ತು. ಮೇಲ್ಮನವಿ ಮಾಡಿ ಇನ್ನೊಂದು ಪ್ರಯೋಗಾಲಯಕ್ಕೂ ಕಳಿಸಿದೆವು, ಅದೂ ಅದೇ ಹೇಳಿತು. ಗುಣಮಟ್ಟ ಕಡಿಮೆ ಎಂದಾಗಿದ್ದರೆ ದಂಡ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತಂತೆ. ಅಸುರಕ್ಷಿತ ಎಂದರೆ ಕ್ರಿಮಿನಲ್ ಕೇಸು, ಮ್ಯಾಜಿಸ್ಟ್ರೇಟ್ ಕೋರ್ಟು, ಶಿಕ್ಷೆಯಾದರೆ ಜೈಲು.

ನಾನು ಪೂಜೆ ಸಾಮಾನಿನ ಅಂಗಡಿಗೆ ಓಡಿದೆ. ಬಿಲ್ಲು ಎಂದೂ ಕೇಳಿದವರಲ್ಲ ನಾವು. ಅಂಗಡಿಯವನು ಅದೇ ಪಾಕೀಟನ್ನು ತೆಗೆದು, ತಿರುಗಿಸಿ, ಆ ಸಣ್ಣ ಅಕ್ಷರದ ಮೇಲೆ ಉಗುರಿಟ್ಟ. "ಕಾಕೀ, ಲಿಖಾ ಹೈ ನಾ? ಖಾನೇ ಕಾ ನಹೀ ಹೈ. ಹಮ್ ಕ್ಯಾ ಕರೇಂ?" ಎಂದ. ತಿನ್ನುವುದಲ್ಲ ಎಂದು ಬರೆದೇ ಇದೆ, ಅವನ ತಪ್ಪು ಏನಿದೆ? ಅವನ ಪಾಕೀಟು ಅವನನ್ನು ಕಾಪಾಡಿತು, ನಮ್ಮನ್ನು ಹಿಡಿದುಕೊಟ್ಟಿತು.

ಠಾಣೆ ಊರಿನಲ್ಲಿರುವ ಆಹಾರ ಇಲಾಖೆಯ ಕಚೇರಿಗೆ ಅಲೆದೆ. ಯಾರ ಯಾರದೋ ಮುಂದೆ ಕೈಮುಗಿದೆ. ಊರಿನ ದೈವಕ್ಕೆ ಹರಕೆ ಹೇಳಿಕೊಂಡೆ. ಘೋಡಬಂದರ್ ರಸ್ತೆಯಲ್ಲಿ ದೊಡ್ಡ ಫ್ಲ್ಯಾಟಿನಲ್ಲಿರುವ ನನ್ನ ಮೈದುನ, ಅವನದೂ ಹೋಟೆಲೇ, ಫೋನು ಎತ್ತುವುದನ್ನೇ ಬಿಟ್ಟ. ತನ್ನ ಹೋಟೆಲಿನ ಅಡಿಗೆಮನೆಯ ದೇವರನ್ನು ಅವನು ಮನೆಗೆ ಸಾಗಿಸಿದನೆಂದು ಮಾತ್ರ ಸುದ್ದಿ ಬಂತು. ಗಂಡಸರ ಧೈರ್ಯವೇ ಇಷ್ಟು.

ನನ್ನ ಭಯ ಜೈಲಿನದಲ್ಲ, ಜೈಲಿನಲ್ಲಿ ಇವರದು. ಇವರ ಎದೆಗೆ ಸ್ಟೆಂಟ್ ಹಾಕಿಸಿದೆ. ಹೊತ್ತು ಹೊತ್ತಿಗೆ ಮಾತ್ರೆ ನಾನೇ ಕೈಗೆ ಕೊಡಬೇಕು, ಇಲ್ಲದಿದ್ದರೆ ನುಂಗಿದೆ ಎಂದು ಹೇಳಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುವ ಮಹಾಶಯರು. ಇಂಥವರು ಒಳಗೆ ಹೋದರೆ ಹೊರಗೆ ಬರುವುದಿಲ್ಲ. ನಾನು ಒಳಗಿದ್ದು ಬಂದೇನು, ಅಲ್ಲಿಯೂ ಯಾರಿಗಾದರೂ ಬೈದುಕೊಂಡು ದಿನ ತಳ್ಳಿಯೇನು. ಇವರು ಉಳಿಯುವುದಿಲ್ಲ. ಈ ಒಂದೇ ಮಾತು ನನ್ನ ತಲೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗುತ್ತಿತ್ತು.

ಇವರ ತಲೆಯಲ್ಲಿ ತಿರುಗುತ್ತಿದ್ದದ್ದು ಬೇರೆಯೇ. ವರದಿ ಬಂದ ದಿನದಿಂದ ಹೋಟೆಲಿನಲ್ಲಿ ಇವರು ಒಂದು ತುತ್ತು ತಿನ್ನಲಿಲ್ಲ. ಕರಡಿಗೆಯನ್ನು ತೊಳೆದು ಬೋರಲು ಹಾಕಿದರು. ಐರೋಲಿಯ ಆಫೀಸಿಗೆ ಹೋಗುವ ಮಗಳು ಆ ಬಣ್ಣ ತಿಂದರೆ ಏನಾಗುತ್ತದೆ ಎಂದು ಮೊಬೈಲಿನಲ್ಲಿ ಹುಡುಕಿ, ಹುಡುಕಿದ್ದು ಸಾಲದೆಂದು ಅಪ್ಪನಿಗೆ ಓದಿಯೂ ಹೇಳಿದಳು. ಹೊಟ್ಟೆ, ಕರುಳು, ಗೆಡ್ಡೆ ಎಂದೆಲ್ಲ ಏನೇನೋ ಇತ್ತು. ಅವಳು ಚಿಕ್ಕವಳಿದ್ದಾಗ ಅದೇ ಸಾಂಬಾರಿನಲ್ಲಿ ಇಡ್ಲಿ ಅದ್ದಿ ತಿಂದು ಶಾಲೆಗೆ ಹೋದವಳು. ಇವರು ಅವಳ ಮುಖವನ್ನೇ ನೋಡುತ್ತಿದ್ದರು.

"ಅರೇ ಪಪ್ಪಾ, ಮುಝೇ ಕುಛ್ ನಹೀ ಹುವಾ" ಎಂದಳು ಅವಳು ಗಾಬರಿಯಾಗಿ, ತನಗೇನೂ ಆಗಿಲ್ಲವೆಂದು.

"ಕಾಕಾರಿಗೆ?" ಎಂದರು ಇವರು.

ಮೋಟರ್‌ಮನ್ ಕಾಕಾರಿಗೆ ಆ ವೇಳೆಗೆ ಹೊಟ್ಟೆನೋವು ಹಿಡಿದಿತ್ತು. ಕೆಲವು ತಿಂಗಳು ಆಸ್ಪತ್ರೆಗೆ ಹೋಗಿ ಬಂದು ಮಾಡಿದರು, ಇಡ್ಲಿಗೆ ಬರುವುದು ನಿಂತಿತು, ಆಮೇಲೆ ತೀರಿಯೇ ಹೋದರು. ಹೊಟ್ಟೆಯಲ್ಲಿ ಕ್ಯಾನ್ಸರು. ವಯಸ್ಸಾಗಿತ್ತು, ತಂಬಾಕು ಜಗಿಯುತ್ತಿದ್ದರು, ಇವರ ಡಾಕ್ಟರರೂ ನೂರು ಜನಕ್ಕಾಗುವ ಹಂಡೆಯಲ್ಲಿ ಒಂದು ಚಿಟಿಕೆಯಿಂದ ಹಾಗಾಯಿತೆಂದು ಯಾರೂ ಹೇಳಲಾರರು ಎಂದರು. ಹಾಗಾಗಿಲ್ಲವೆಂದೂ ಹೇಳಲಾರರು ಎಂದು ಇವರು ಕೇಳಿಸಿಕೊಂಡರು. ಅವರ ಮನೆಗೆ ನಾವು ಹೋದಾಗ ಕಾಕಾರ ಹೆಂಡತಿ ಇವರ ಕೈ ಹಿಡಿದು, ಕೊನೆಯ ದಿನಗಳಲ್ಲೂ ನಿಮ್ಮ ಸಾಂಬಾರೇ ಕೇಳುತ್ತಿದ್ದರು ಎಂದು ಅತ್ತರು. ಇವರು ಮನೆಗೆ ಬಂದು ಬಚ್ಚಲಿಗೆ ಹೋಗಿ ವಾಂತಿ ಮಾಡಿದರು.

ನಮ್ಮ ವಕೀಲರು ಧಾರವಾಡ ಕಡೆಯವರು, ಕಲ್ಯಾಣದಲ್ಲಿ ಆಫೀಸು. ಕೇಸಿನ ಕಾಗದಗಳನ್ನು ತಿರುವಿ ಹಾಕಿ ಅವರು ನಕ್ಕದ್ದು ನೋಡಿ ನನಗೆ ಹೋದ ಜೀವ ಬಂದಂತಾಯಿತು.

"ತಾಯಿ, ನೀವು ಚಿಂತಿ ಮಾಡಬ್ಯಾಡ್ರಿ. ಪೂಜಾದ ಅರಿಶಿಣ ಆಹಾರನ ಅಲ್ಲ. ಅಡ್ಡ ಬಂದಿದ್ದು ಒಂದ ಮಾತು. ರಾಯರು 'ಭಾಂಡ್ಯಾಲಾ' ಅಂದಾರ, ಹೌದಿಲ್ರಿ? ಆಫೀಸರ ಪಂಚನಾಮೆದಾಗ 'ಭಾಂಡ್ಯಾತ್ ಟಾಕತೋ' ಅಂತ ಬರದಾನ. 'ಲಾ' ಅಂದ್ರ ಪಾತ್ರಿಗೆ. ಹೊರಗಿಂದ ಹಚ್ಚೂದು, ಪೂಜಾ ಮಾಡೂದು. 'ತ' ಅಂದ್ರ ಪಾತ್ರಿ ಒಳಗ ಹಾಕೂದು. ಕೇಸು ಇಷ್ಟ ನೋಡ್ರಿ, ಒಂದ ಅಕ್ಷರ."

ನಾನು ಬೆರಗಾದೆ. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸಿದ ನಮ್ಮ ಮೇಷ್ಟ್ರು ಇದು ಮುಂದೆ ಉಪಯೋಗಕ್ಕೆ ಬರುತ್ತದೆ ಎಂದಾಗ ನಾವೆಲ್ಲ ನಕ್ಕಿದ್ದೆವು. ಚತುರ್ಥಿ ಎಂದರೆ ಮನೆ, ಸಪ್ತಮಿ ಎಂದರೆ ಜೈಲು! ನಮ್ಮ ಕನ್ನಡದಲ್ಲಿ ಈ ಕಷ್ಟವೇ ಇಲ್ಲ. ಪಾತ್ರೆಗೆ ಕುಂಕುಮ ಹಚ್ಚು ಎನ್ನುತ್ತೇವೆ, ಪಾತ್ರೆಗೆ ಉಪ್ಪು ಹಾಕು ಎನ್ನುತ್ತೇವೆ, ಎರಡಕ್ಕೂ 'ಗೆ'. ಅದೇ ಅಭ್ಯಾಸದಲ್ಲಿ ಇವರು ಮರಾಠಿಯಲ್ಲಿಯೂ ಎಲ್ಲದಕ್ಕೂ 'ಲಾ' ಅಂಟಿಸುತ್ತಾರೆ. ಚಹಾಲಾ ಸಕ್ಕರೆ, ಸಾಂಬಾರಾಲಾ ಉಪ್ಪು. ಮಗಳು ಚಿಕ್ಕಂದಿನಿಂದ ಇದನ್ನೇ ಅಣಕಿಸಿ ನಗುತ್ತಿದ್ದಳು. ಅವಳು ನಕ್ಕ ತಪ್ಪೇ ಈಗ ನಮ್ಮನ್ನು ದಡ ಸೇರಿಸುವ ದೋಣಿಯಾಯಿತು.

"ಮತ್ತ ಇನ್ನೊಂದು" ಎಂದರು ವಕೀಲರು. "ಆ ಮಾತು ಕೇಳಿದ ಸಾಕ್ಷಿ ಒಬ್ಬನ ಇದ್ದ, ಆ ಮೋಟರ್‌ಮನ್. ಅಂವಾ ಹ್ವಾದ. ಚಲೋ ಆತು."

ಇವರು ತಲೆಯೆತ್ತಿ ವಕೀಲರನ್ನು ನೋಡಿದರು. ನಾನು ಆಗಲೇ ಹೆದರಬೇಕಿತ್ತು.

ಅಧಿಕಾರಿಯ ಪಾಟೀಸವಾಲಿನ ದಿನ ನಮ್ಮ ವಕೀಲರು ಬೆಂಕಿಯಾಗಿದ್ದರು. ಆರೋಪಿ ಹೇಳಿದ್ದು ಲಾ ಎಂದೋ ತ ಎಂದೋ? ಅಧಿಕಾರಿ ಸುಳ್ಳು ಹೇಳುವವರಲ್ಲ. ಅವರು ಹೇಳಿದ್ದು ಲಾ ಎಂದೇ, ಆದರೆ ಈ ದಕ್ಷಿಣದ ಹೋಟೆಲಿನ ಅಣ್ಣಾ ಜನರೆಲ್ಲ ಹಾಗೆಯೇ ಮಾತಾಡುವುದು, ಅದಕ್ಕೆ ತಾನು ಸರಿಮಾಡಿ ಬರೆದೆ ಎಂದರು. ಕೋರ್ಟಿನಲ್ಲಿ ಸಣ್ಣ ನಗು ಎದ್ದಿತು. "ತ್ಯಾಂನೀ ಹಾತಾನೇ ದಾಖವಲಂ" ಎಂದು ಅಧಿಕಾರಿ ಸೇರಿಸಿದರು. ಕೈಯಿಂದ ತೋರಿಸಿದ್ದರಂತೆ. ಆ ಕೈ ಪಂಚನಾಮೆಯಲ್ಲಿ ಬರೆದಿದೆಯೇ ಎಂದು ವಕೀಲರು ಕೇಳಿದರು. ಇಲ್ಲ. ಬರೆಯದ ಕೈ ಇದ್ದರೂ ಇಲ್ಲದ ಹಾಗೆ. ಮ್ಯಾಜಿಸ್ಟ್ರೇಟ್ ಮ್ಯಾಡಮ್, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು, ಏನೋ ಗುರುತು ಹಾಕಿಕೊಂಡರು.

ಮುಂದಿನ ತಾರೀಖಿಗೆ ನಮ್ಮ ಹೇಳಿಕೆ. ಪ್ರಮಾಣ ಮಾಡಿಸುವುದಿಲ್ಲ, ಮ್ಯಾಡಮ್ ಕೇಳಿದ್ದಕ್ಕೆ ಉತ್ತರ ಹೇಳಿದರಾಯಿತು ಎಂದರು ವಕೀಲರು. "ಭಾಂಡ್ಯಾಲಾ ಲಾವತೋ, ಇಷ್ಟ ಅನ್ರಿ. ಪಾತ್ರಿಗೆ ಹಚ್ಚತೀನಿ. ರಾಯರ, ಕೈ ಮಾತ್ರ ಎತ್ತಬ್ಯಾಡ್ರಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂದಂಗ ಆಗ್ತದ."

ಮನೆಯಲ್ಲಿ ನಾನು ಇವರಿಗೆ ಪಾಠ ಮಾಡಿದೆ. ಊಟದ ಮೇಜಿನ ಆಚೆ ಇವರು, ಈಚೆ ನಾನು.

"ಹೇಳಿ, ಅರಿಶಿನ ಎಂತ ಮಾಡ್ತೀರಿ?"

"ಭಾಂಡ್ಯಾಲಾ ಲಾವತೋ" ಎನ್ನುವರು. ಬಾಯಿ ಸರಿಯಾಗಿಯೇ ಹೇಳುತ್ತಿತ್ತು. ಆದರೆ ಬಲಗೈ ತಾನಾಗಿ ಎದ್ದು, ಬೆರಳು ಜೋಡಿಸಿ, ಮೇಜಿನ ಮೇಲೆ ಇಲ್ಲದ ಹಂಡೆಯೊಳಗೆ ಚಿಟಿಕೆ ಬಿಡುತ್ತಿತ್ತು. ನಾನು ಆ ಕೈಗೆ ಹೊಡೆದೆ. ಮತ್ತೆ ಹೇಳಿಸಿದೆ, ಮತ್ತೆ ಎದ್ದಿತು, ಮತ್ತೆ ಹೊಡೆದೆ. ಕೊನೆಗೆ ನಗು ಬಂತು, ಆಮೇಲೆ ಅಳು ಬಂತು.

"ಎಂತಕ್ಕೆ ಅಳುದು?" ಎಂದರು ಇವರು. "ಸುಳ್ಳು ಹೇಳ್ತೇನೆ ಹೇಳಿದ್ದೇನಲ್ಲ."

"ಅದು ಸುಳ್ಳಲ್ಲ ಮಾರಾಯ್ರೆ. ಪಾತ್ರೆಗೆ ಅಂದ್ರೆ ಪಾತ್ರೆಗೆ. ನೀವು ಹಾಕಿದ್ದೂ ಪಾತ್ರೆಗೇ ಅಲ್ವಾ?"

"ಕಾಕಾರ ಹೊಟ್ಟೆಗೆ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಸತ್ತವರು ಸತ್ತರು! ನೀವು ಒಳಗೆ ಹೋಗಿ ಸತ್ರೆ ಅವರು ಎದ್ದು ಇಡ್ಲಿಗೆ ಬರ್ತಾರಾ? ಆ ಸಾಂಬಾರು ನೀವೂ ಕುಡಿದದ್ದಲ್ವಾ? ನಾನೂ ಕುಡಿದದ್ದಲ್ವಾ?" ಎಂದು ಕೂಗಿದೆ. ಮಗಳು ಒಳಗಿನಿಂದ ಓಡಿ ಬಂದು, "ಪಪ್ಪಾ, ಪ್ಲೀಜ್. ಜೋ ವಕೀಲ್ ಬೋಲ್ತಾ ಹೈ, ವಹೀ ಬೋಲ್ನೇ ಕಾ" ಎಂದು, ವಕೀಲರು ಹೇಳಿಕೊಟ್ಟದ್ದನ್ನೇ ಹೇಳುವಂತೆ ಅಂಗಲಾಚಿ ಇವರ ಭುಜ ಹಿಡಿದಳು. ಇವರು ಅವಳ ಕೈಯ ಮೇಲೆ ಕೈಯಿಟ್ಟು "ಬೋಲೇಗಾ, ಬೋಲೇಗಾ" ಎಂದರು. ನಾನು ನಂಬಿದೆ. ಇವರು ಮಾತಿಗೆ ತಪ್ಪುವವರಲ್ಲವಲ್ಲ.

ಕೋರ್ಟಿನ ದಿನ ಒಂದು ಉಪಾಯ ಮಾಡಿದೆ. ನೀರಿನ ಬಾಟಲಿ, ಮಾತ್ರೆ, ಊಟದ ಡಬ್ಬಿ ಎಲ್ಲ ತುಂಬಿದ ಭಾರದ ಬಟ್ಟೆಚೀಲವನ್ನು ಇವರ ಬಲಗೈಗೆ ಕೊಟ್ಟೆ. "ಏನಾದ್ರೂ ಇದನ್ನು ಬಿಡ್ಬೇಡಿ" ಎಂದೆ. ಚೀಲ ಹಿಡಿದ ಕೈ ಮೇಲೇಳುವುದು ಹೇಗೆ?

ಮೊದಲು ನನ್ನನ್ನೇ ಕೇಳಿದರು, ನಂಬರ್ ಒಂದಲ್ಲವೇ. ಅರಿಶಿನ ಪೂಜೆಯದ್ದು, ಅಡಿಗೆಯದ್ದಲ್ಲ, ಪಾತ್ರೆಗೆ ಹೊರಗಿನಿಂದ ಹಚ್ಚುವುದು ನಮ್ಮ ಪದ್ಧತಿ ಎಂದೆ. ಕಣ್ಣೂ ಮಿಟುಕಿಸಲಿಲ್ಲ, ಧ್ವನಿಯೂ ನಡುಗಲಿಲ್ಲ. ಸುಳ್ಳಿಗೆ ಇಷ್ಟು ಸಲೀಸಾಗಿ ಬಾಯಿ ತಿರುಗುತ್ತದೆಂದು ಗೊತ್ತಿದ್ದರೆ ಚೌಕಾಸಿಯಲ್ಲಿ ಇನ್ನೂ ಗೆಲ್ಲಬಹುದಿತ್ತು. ಗುಮಾಸ್ತ ಬೆರಳಚ್ಚು ಮಾಡಿಕೊಂಡ. ವಕೀಲರು ತಲೆಯಾಡಿಸಿದರು.

ಆಮೇಲೆ ಇವರ ಹೆಸರು ಕರೆದರು. ಇವರು ಒಂದು ಹೆಜ್ಜೆ ಮುಂದೆ ಬಂದರು. ದೊಡ್ಡವರ ಮುಂದೆ ಚೀಲ ಹಿಡಿದು ಮಾತಾಡುವುದು ಮರ್ಯಾದೆಯಲ್ಲ ನೋಡಿ, ಬಗ್ಗಿ ಚೀಲವನ್ನು ಕಾಲ ಬಳಿ ಇಟ್ಟರು.

ಅರಿಶಿನವನ್ನು ದಿನಾ ಮೊದಲ ಪಾತ್ರೆಯಲ್ಲಿ ಹಾಕುವುದಾಗಿ ನೀವು ಹೇಳಿದಿರೆಂದು ಸಾಕ್ಷ್ಯವಿದೆ, ಏನು ಹೇಳುತ್ತೀರಿ ಎಂದು ಮ್ಯಾಡಮ್ ಮರಾಠಿಯಲ್ಲಿ ಕೇಳಿದರು.

"ಭಾಂಡ್ಯಾಲಾ ಲಾವತೋ, ಮ್ಯಾಡಮ್" ಎಂದರು ಇವರು, ಹೇಳಿಕೊಟ್ಟ ಹಾಗೆಯೇ, ಕ್ರಿಯಾಪದದ ಸಮೇತ.

ಕೈ ಎದ್ದಿತು. ಹೆಬ್ಬೆರಳು, ನಡುಬೆರಳು ಜೋಡಿಸಿಕೊಂಡು, ಕಟಕಟೆಯ ಆಚೆಗೆ ಒಂದು ಚಿಟಿಕೆ ಬಿಟ್ಟಿತು.

ಗುಮಾಸ್ತ ಬೆರಳಚ್ಚು ಮಾಡುತ್ತಲೇ ಇದ್ದ, ಅವನಿಗೆ ಬೇಕಾದದ್ದು ಮಾತು ಮಾತ್ರ. ವಕೀಲರು ಜೋರಾಗಿ ಕೆಮ್ಮಿದರು. ಆದರೆ ಮ್ಯಾಡಮ್ ನೋಡುತ್ತಿದ್ದದ್ದು ಇವರ ಮುಖವನ್ನಲ್ಲ, ಕೈಯನ್ನು.

"ಹಾತಾನೇ ಕಾಯ್ ದಾಖವಲಂತ್?" ಎಂದರು. ಕೈಯಲ್ಲಿ ಏನು ತೋರಿಸಿದಿರಿ?

ನಮಸ್ಕಾರ ಎನ್ನಬಹುದಿತ್ತು. ಅಭ್ಯಾಸ ಎನ್ನಬಹುದಿತ್ತು. ಏನೂ ಇಲ್ಲ ಎಂದರೂ ಆಗುತ್ತಿತ್ತು, ವಕೀಲರು ನೋಡಿಕೊಳ್ಳುತ್ತಿದ್ದರು. ನಾನು ಇವರ ಅಂಗಿಯ ತುದಿಯನ್ನು ಹಿಂದಿನಿಂದ ಎಳೆದೆ. ಇವರು ತಮ್ಮ ಕೈಯನ್ನು, ಬೇರೆ ಯಾರದೋ ಕೈ ಎಂಬಂತೆ, ಸ್ವಲ್ಪ ಹೊತ್ತು ನೋಡಿದರು.

"ಭಾಂಡ್ಯಾತ್, ಮ್ಯಾಡಮ್" ಎಂದರು. "ಭಾಂಡ್ಯಾತ್ ಟಾಕತ್ ಹೋತೋ. ರೋಜ್."

ನಾನು ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಇವರ ಬಾಯಲ್ಲಿ ಮರಾಠಿಯ ಸಪ್ತಮಿ ವಿಭಕ್ತಿಯನ್ನು ಸರಿಯಾಗಿ ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಬಾರದ್ದು ಅಂದೇ ಬರಬೇಕೇ!

ಏನು ಹೇಳುತ್ತಿದ್ದೀರೆಂದು ಗೊತ್ತಿದೆಯೇ, ಇದನ್ನು ಬರೆಸಲೇ ಎಂದು ಮ್ಯಾಡಮ್ ಎರಡು ಸಲ ಕೇಳಿದರು. ಎರಡು ಸಲವೂ ಹೌದೆಂದರು. ಮ್ಯಾಡಮ್ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಇವರು ಅಡ್ಡ ಬಂದರು.

"ತಿಲಾ ಕಾಹೀ ಮಾಹೀತ್ ನಾಹೀ, ಮ್ಯಾಡಮ್. ತೀ ಗಲ್ಲ್ಯಾವರ್."

ಅವಳಿಗೇನೂ ಗೊತ್ತಿಲ್ಲ, ಅವಳು ಗಲ್ಲಾದ ಮೇಲೆ. ದಿನಾ ಬೆಳಿಗ್ಗೆ ದೇವರ ಮುಂದೆ ಇವರ ಪಕ್ಕದಲ್ಲೇ ನಿಂತು ಕೈಮುಗಿದವಳು ನಾನು. ಆ ಚಿಟಿಕೆ ಹಂಡೆಗೆ ಬೀಳುವುದನ್ನು ನೋಡಿದ ಮೇಲೆಯೇ ಗಲ್ಲಾಕ್ಕೆ ಬಂದು ಕೂತವಳು. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ತಿಳಿದಿದ್ದೆ. ಬರುತ್ತದೆ. ಈ ಸಲ ಕೈಗಳೆರಡನ್ನೂ ಹಿಂದೆ ಕಟ್ಟಿಕೊಂಡಿದ್ದರು.

ಹೊರಗೆ ಬಂದ ಮೇಲೆ ವಕೀಲರು ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು, "ತಾಯಿ, ನಿಮ್ಮನ್ನ ಬಹುಶಃ ಬಿಡ್ತಾರ. ರಾಯರದು ನಾ ಏನೂ ಹೇಳಾಂಗಿಲ್ಲ" ಎಂದು ಹೋದರು. ಯಾರನ್ನು ಉಳಿಸಬೇಕೆಂದು ನಾನು ಇಷ್ಟು ದಿನ ಒದ್ದಾಡಿದೆನೋ ಅವರು ಹೋಗಿ ನಿಂತರು, ನನ್ನನ್ನು ಈಚೆ ದಡಕ್ಕೆ ತಳ್ಳಿದರು. ನನಗೆ ಸಿಟ್ಟು ಬಂದಿತ್ತು. ಈಗಲೂ ಇದೆ. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆಂದು ಬರೆಯುವವರು ಒಮ್ಮೆ ನಮ್ಮ ಮನೆಗೆ ಬಂದು ನೋಡಲಿ.

ಕಲ್ಯಾಣದಿಂದ ಠಾಕುರ್ಲಿ ಒಂದೇ ಸ್ಟೇಷನ್ನು. ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತ್ತು. ಚೀಲ ಇವರ ತೊಡೆಯ ಮೇಲಿತ್ತು. ಡಬ್ಬಿ ತೆಗೆದು ಬೆಳಗಿನ ಉಪ್ಪಿಟ್ಟನ್ನು ತಿನ್ನತೊಡಗಿದರು. ಬಹಳ ದಿನದ ಮೇಲೆ ಇವರು ಹಸಿದವರ ಹಾಗೆ ತಿಂದದ್ದು ಅದು.

"ನಾನು ಹೇಳಿದ್ದು ಸರಿ ಆಯ್ತಾ?" ಎಂದು ಕೇಳಿದರು, ಬಾಯಿ ಒರೆಸಿಕೊಳ್ಳುತ್ತಾ.

ಯಾವುದನ್ನು ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಶಕ್ತಿಯೂ ಇರಲಿಲ್ಲ. "ಮರಾಠಿ ಸರಿ ಇತ್ತು" ಎಂದೆ.

ತೀರ್ಪು ಇನ್ನೂ ಬಂದಿಲ್ಲ, ತಾರೀಖು ಹತ್ತಿರದಲ್ಲಿದೆ. ಆ ಬಟ್ಟೆಚೀಲವನ್ನು ಒಗೆದು ಬಾಗಿಲ ಹಿಂದೆ ತೂಗುಹಾಕಿದ್ದೇನೆ. ಒಂದು ಜೊತೆ ಬಟ್ಟೆ, ಟವೆಲು, ಎದೆಯ ಮಾತ್ರೆಗಳು ಅದರಲ್ಲಿವೆ. ಡಾಕ್ಟರರ ಚೀಟಿ ಇಲ್ಲದೆ ಮಾತ್ರೆಯನ್ನು ಒಳಗೆ ಬಿಡುವುದಿಲ್ಲವೆಂದು ವಕೀಲರು ಹೇಳಿದ್ದರಿಂದ ಚೀಟಿಯನ್ನೂ ಇಟ್ಟಿದ್ದೇನೆ. ಮಾತ್ರೆಯನ್ನು ಹೊತ್ತು ಹೊತ್ತಿಗೆ ಇವರ ಕೈಗೆ ಕೊಡುವವರು ಅಲ್ಲಿ ಯಾರು ಎಂದು ಕೇಳಿದೆ, ಅದಕ್ಕೆ ಅವರು ಚೀಟಿಯ ಇನ್ನೊಂದು ಜೆರಾಕ್ಸನ್ನೂ ಇಡಿ ಎಂದರು.